ಹುರಿಯೋ, ಸಾಲುಜಡೆಯೋ, ಚೌರಿಯೋ: ಆಫ್ರಿಕನ್ ಮೂಲದ ಮಗುವಿನ ತಲೆಗೆ ಯಾವುದು, ಯಾವಾಗ?

ಮಗಳ ಕಿವಿಯ ಹಿಂದಿನ ಒಂದು ಕುರುಳು ಹಿಡಿದು ಮೆಲ್ಲಗೆ ಎಳೆದರೆ ಭುಜ ದಾಟಿ ಬರುತ್ತದೆ. ಬಿಟ್ಟರೆ ಸ್ಪ್ರಿಂಗಿನ ಹಾಗೆ ಮೇಲೇರಿ ಕಿವಿಯ ಪಕ್ಕಕ್ಕೇ ಹೋಗಿ ಕೂರುತ್ತದೆ. ವಿಡಿಯೋ ಕಾಲಿನಲ್ಲಿ ಇದನ್ನು ನೋಡಿದ ನನ್ನಮ್ಮ, "ಅಯ್ಯೋ, ಇಷ್ಟುದ್ದ ಇದೆಯೇನೇ! ಬೆಳೀತಾನೇ ಇಲ್ಲ ಅಂದ್ಕೊಂಡಿದ್ದೆ" ಅಂದರು. ಮೊದಲ ಎರಡು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ.

ನಾನು ಮೈಸೂರಿನವಳು. ನಮ್ಮನೆಯವರು ಅಮೆರಿಕದ ಜಾರ್ಜಿಯಾದ ಕಪ್ಪು ಸಮುದಾಯದವರು. ನಾವಿರುವುದು ಅಟ್ಲಾಂಟಾದ ಹೊರವಲಯದಲ್ಲಿ. ಮಗಳಿಗೆ ಆರು ತುಂಬಿದೆ, ಕೂದಲು ಪೂರ್ತಿ ಅಪ್ಪನ ಮನೆಯದು. ನನ್ನ ಕೈಗೆ ಗೊತ್ತಿದ್ದ ವಿದ್ಯೆ ಒಂದೇ: ಎಣ್ಣೆ ಹಚ್ಚು, ಬುಡದಿಂದ ತುದಿಗೆ ಬಾಚು, ಬಿಗಿಯಾಗಿ ಎರಡು ಜಡೆ ಹಾಕಿ ರಿಬ್ಬನ್ ಕಟ್ಟು. ಈ ಕೂದಲಿಗೆ ಮೂರೂ ಹೊಂದಲಿಲ್ಲ. ನನ್ನ ಹಾಗೆ ಬೇರೆ ಥರದ ಕೂದಲಿನ ಮನೆಯಿಂದ ಬಂದು ಈ ಕೂದಲಿನ ಮಗುವನ್ನು ಸಾಕುತ್ತಿರುವ ಕನ್ನಡದ ತಾಯಂದಿರು ಕೇಳುತ್ತಲೇ ಇರುತ್ತಾರೆ, ಅವರಿಗಾಗಿ ಇದು. ಹಾಗೆಂದು ಈ ಕೂದಲು ನಮ್ಮ ನಾಡಿಗೆ ಹೊಸದೂ ಅಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಮನೆಗಳಲ್ಲಿ ತಲೆಮಾರುಗಳಿಂದ ಇದೆ. ನಾವು ಮೈಸೂರು ಬೆಂಗಳೂರಿನವರು ನೋಡಲಿಲ್ಲ, ಅಷ್ಟೇ.

ಯಾವ ಶೈಲಿ ಬಂದರೂ ನಾನೀಗ ಎರಡು ಪ್ರಶ್ನೆ ಹಾಕುತ್ತೇನೆ. ಬುಡವನ್ನು ಎಷ್ಟು ಎಳೆಯುತ್ತದೆ? ವಾರಕ್ಕೆ ಎಷ್ಟು ಸಲ ಕೈ ಹಾಕಬೇಕಾಗುತ್ತದೆ? ಈ ಎರಡೂ ಒಟ್ಟಿಗೆ ಕಡಿಮೆಯಾಗುವುದು ಅಪರೂಪ. ಬುಡಕ್ಕೆ ಸುಖವಾದದ್ದು ದಿನಾ ಕೈ ಬೇಡುತ್ತದೆ. ತಿಂಗಳು ಪೂರ್ತಿ ನಿಲ್ಲುವುದು ಬುಡದಿಂದ ವಸೂಲಿ ಮಾಡುತ್ತದೆ. ಚಂದ ಎಂಬುದು ಮೂರನೆಯ ಪ್ರಶ್ನೆ.

ಕೂದಲಿನ ಸ್ವಭಾವ

ನಮ್ಮ ಕೂದಲನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಹೆಚ್ಚುಕಡಿಮೆ ದುಂಡಗಿರುತ್ತದೆ. ಈ ಕೂದಲು ಚಪ್ಪಟೆ, ನೆತ್ತಿಯೊಳಗಿನ ಬೇರೇ ಬಾಗಿರುತ್ತದೆ. ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೇರ ಕೂದಲಲ್ಲಿ ಜಾರಿ ತುದಿಯವರೆಗೂ ಇಳಿಯುತ್ತದೆ; ಇಲ್ಲಿ ಸುರುಳಿ ಸುರುಳಿಯಲ್ಲಿ ಸಿಕ್ಕಿಬಿದ್ದು ಬುಡದಲ್ಲೇ ಉಳಿಯುತ್ತದೆ. ಹೀಗಾಗಿ ತುದಿ ಸದಾ ಒಣ. ಒಂದೊಂದು ತಿರುವೂ ಮುರಿಯಬಲ್ಲ ಜಾಗ. ನೋಡಲು ದಟ್ಟ, ಒರಟು ಅನ್ನಿಸುವ ಈ ಕೂದಲು ಎಲ್ಲ ಬಗೆಯ ಕೂದಲಿಗಿಂತ ನಾಜೂಕು. ಬೆಳೆಯುತ್ತಿಲ್ಲ ಅನ್ನಿಸುವುದು ಎರಡು ಕಾರಣಕ್ಕೆ: ಒಂದು, ಒಣಗಿದಾಗ ಉದ್ದದ ಮುಕ್ಕಾಲು ಪಾಲಿನಷ್ಟೂ ಕುಗ್ಗಬಲ್ಲದು, ಎರಡು, ಬುಡದಲ್ಲಿ ಬೆಳೆದಷ್ಟೇ ತುದಿಯಲ್ಲಿ ಮುರಿಯುತ್ತಿರುತ್ತದೆ.

ಬಾಟಲಿಗಳ ಮೇಲೆ 3ಸಿ, 4ಎ, 4ಸಿ ಎಂದು ಬರೆದಿರುತ್ತದೆ, ಸುರುಳಿ ಎಷ್ಟು ಬಿಗಿ ಎಂಬುದರ ಗುರುತು. ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀಯ ಕೇಶವಿನ್ಯಾಸಕ ಆಂಡ್ರೆ ವಾಕರ್ 1990ರ ದಶಕದಲ್ಲಿ ಮಾಡಿದ ವಿಂಗಡಣೆಯಿಂದ ಬೆಳೆದು ಬಂದದ್ದು ಇದು. ನಾನಿದನ್ನು ಹೆಚ್ಚು ತಲೆಗೆ ಹಚ್ಚಿಕೊಳ್ಳುವುದಿಲ್ಲ. ನನ್ನ ಮಗಳ ತಲೆಯಲ್ಲೇ ಹಣೆಯ ಹತ್ತಿರ ಒಂದು, ನಡುನೆತ್ತಿಯಲ್ಲಿ ಒಂದು, ಕತ್ತಿನ ಮೇಲೆ ಇನ್ನೊಂದು. ಕತ್ತಿನ ಮೇಲಿನ ಆ ಬಿಗಿ ಸುರುಳಿಗೆ ನಮ್ಮತ್ತೆಯವರ ಕಡೆ 'ಕಿಚನ್' ಅನ್ನುತ್ತಾರೆ. "ಕಿಚನ್ ತೊಳೆದೆಯಾ?" ಎಂದು ಅವರು ಮೊದಲ ಸಲ ಕೇಳಿದಾಗ ನಾನು ಪಾತ್ರೆ ತೊಳೆಯಲು ಎದ್ದಿದ್ದೆ.

ಜವಳದ ಮಾತು ಇಲ್ಲೇ ಮುಗಿಸುತ್ತೇನೆ. ಮೂರರಲ್ಲಿ ತಲೆ ಬೋಳಿಸಿದರೆ ಕೂದಲು ದಟ್ಟವಾಗಿ, 'ಸರಿಯಾಗಿ' ಬರುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳಿದರು. ಸುರುಳಿ ಕೊಡುವುದು ಚರ್ಮದೊಳಗಿನ ಬೇರಿನ ಆಕಾರ, ಕತ್ತರಿಗೆ ಅದು ಸಿಗುವುದಿಲ್ಲ. ಹರಕೆಗಾಗಿ ಮಾಡುವುದಾದರೆ ಮಾಡಿ, ಕೂದಲು ತಿದ್ದುವುದಕ್ಕೆ ಬೇಡ. ನಾವು ಒಂದೆಳೆ ಕತ್ತರಿಸಿ ಶಾಸ್ತ್ರ ಮುಗಿಸಿದೆವು.

ನೀರು, ಎಣ್ಣೆ, ಲೋಳೆ

ನಮ್ಮಲ್ಲಿ ಎಣ್ಣೆಯೇ ತಂಪು, ಎಣ್ಣೆಯೇ ಪೋಷಣೆ. ಅಮ್ಮ ಪ್ರತಿ ಕಾಲಿನಲ್ಲೂ, "ಮಗೂ ತಲೆ ಎಣ್ಣೆ ಕಂಡು ಎಷ್ಟು ದಿನ ಆಯ್ತೇ?" ಎಂದೇ ಶುರುಮಾಡುವುದು. ಆದರೆ ಈ ಕೂದಲಿಗೆ ಬೇಕಾದದ್ದು ಮೊದಲು ನೀರು; ಎಣ್ಣೆ ಅದರ ಮುಚ್ಚಳ. ಒಣ ಕೂದಲಿಗೆ ಎಣ್ಣೆ ಸುರಿದರೆ ಒಣಗನ್ನೇ ಒಳಗಿಟ್ಟು ಮುಚ್ಚಿದಂತೆ. ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ, ಮೇಲೆ ತೊಳೆಯದೆ ಬಿಡುವ ಕಂಡಿಷನರ್, ಅದರ ಮೇಲೆ ನಾಲ್ಕು ಹನಿ ಎಣ್ಣೆ, ಕೊನೆಗೆ ಗಟ್ಟಿ ಕ್ರೀಮು. ಎಣ್ಣೆ ಮೊದಲೋ ಕ್ರೀಮು ಮೊದಲೋ ಎಂದು ಇಲ್ಲಿನ ತಾಯಂದಿರಲ್ಲಿ ಎರಡು ಪಂಗಡವಿದೆ. ನೀರು ಮೊದಲು ಎನ್ನುವುದರಲ್ಲಿ ಜಗಳವಿಲ್ಲ.

ಯಾವ ಎಣ್ಣೆ? ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿಯಬಲ್ಲದು, ತೊಳೆಯುವಾಗ ಕೂದಲಿನ ಪ್ರೋಟೀನ್ ಸೋರುವುದನ್ನು ತಗ್ಗಿಸುತ್ತದೆ. ಅದಕ್ಕೇ ನಾನದನ್ನು ಸ್ನಾನದ ಹಿಂದಿನ ರಾತ್ರಿಗೆ ಇಟ್ಟಿದ್ದೇನೆ. ಅಮ್ಮನ ಮಾತು ಅಷ್ಟರಮಟ್ಟಿಗೆ ಗೆದ್ದಿದೆ. ದಿನದ ಬಳಕೆಗೆ ಚಳಿಗಾಲದಲ್ಲಿ ಅದು ಆಗದು. 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿ, ಸ್ಕೂಲಿಗೆ ಹೋಗುವಷ್ಟರಲ್ಲಿ ಕೂದಲ ತುಂಬ ಬಿಳಿ ಪುಡಿಯಂತೆ ಕಾಣುತ್ತದೆ. ಆಗ ಘಾನಾ, ಬುರ್ಕಿನಾ ಫಾಸೋ ಕಡೆಯ ಶಿಯಾ ಬೆಣ್ಣೆ ಒಳ್ಳೆಯದು. ಅಂಗೈಯಲ್ಲಿ ಉಜ್ಜಿ ಕರಗಿಸಿ ತುದಿಗೆ ಮಾತ್ರ ಸವರಿ. 'ಜಮೈಕನ್ ಬ್ಲ್ಯಾಕ್ ಕ್ಯಾಸ್ಟರ್ ಆಯಿಲ್' ಎಂದು ದುಬಾರಿಗೆ ಮಾರುವುದು ಹುರಿದ ಹರಳಿನ ಎಣ್ಣೆ. ತುದಿಗೆ ಮುಚ್ಚಳವಾಗಿ ಚೆನ್ನ, ಕೂದಲು ಬೆಳೆಸುತ್ತದೆ ಎಂಬ ಮಾತಿಗೆ ಮಾತ್ರ ದುಡ್ಡು ಕೊಡಬೇಡಿ.

ತೊಳೆಯುವುದು ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ವಾರಕ್ಕೊಮ್ಮೆ. ಅಮೆರಿಕದ ಚರ್ಮವೈದ್ಯರ ಸಂಘವೂ ಇದನ್ನೇ ಹೇಳುತ್ತದೆ. ನೊರೆ ಕಡಿಮೆ ಬರುವ, ಸಲ್ಫೇಟ್ ಇಲ್ಲದ ಶಾಂಪೂ ಸಾಕು, ಅದೂ ನೆತ್ತಿಗೆ ಮಾತ್ರ. ನಾನು ಊರಿಂದ ತಂದ ಸೀಗೆಪುಡಿ ಹಾಕಿ ಒಮ್ಮೆ ಕೈ ಸುಟ್ಟುಕೊಂಡೆ: ಪುಡಿಯ ನುಚ್ಚು ಸುರುಳಿಯೊಳಗೆ ಸೇರಿ ಎರಡು ದಿನ ಉದುರುತ್ತಲೇ ಇತ್ತು. ದಾಸವಾಳದ ಸೊಪ್ಪು ಹಾಗಲ್ಲ. ಕಿವುಚಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿದ ಲೋಳೆ ಸಿಕ್ಕು ಬಿಡಿಸಲು ಅಂಗಡಿಯ ಕಂಡಿಷನರಿಗೆ ಏನೂ ಕಡಿಮೆಯಿಲ್ಲ. ಇಲ್ಲಿನ ಕಪ್ಪು ತಾಯಂದಿರು ಅದೇ ಕೆಲಸವನ್ನು ಅಗಸೆ ಬೀಜದಲ್ಲಿ ಮಾಡುತ್ತಾರೆ. ಕಾಲು ಕಪ್ ಬೀಜ, ಎರಡು ಕಪ್ ನೀರು, ಮೊಟ್ಟೆಯ ಬಿಳಿಯಷ್ಟು ಗಟ್ಟಿಯಾಗುವವರೆಗೆ ಕುದಿಸಿ, ಬಿಸಿಯಿರುವಾಗಲೇ ಸೋಸಿಬಿಡಬೇಕು. ಆರಿದರೆ ಬಟ್ಟೆಯಿಂದ ಇಳಿಯುವುದಿಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಅಂಗಡಿಯ ಜೆಲ್ ಬದಲು ಇದನ್ನೇ ಬಳಸುತ್ತೇನೆ, ಒಣಗಿದ ಮೇಲೆ ಬಿಳಿ ಪೊರೆ ಏಳುವುದಿಲ್ಲ.

ಸಿಕ್ಕು ಬಿಡಿಸುವುದಕ್ಕೆ ಆಯ್ಕೆಯೇ ಇಲ್ಲ, ದಾರಿ ಒಂದೇ. ಕೂದಲು ಒದ್ದೆಯಾಗಿ, ಕಂಡಿಷನರಿನಿಂದ ಜಾರುವಂತಿರಬೇಕು. ತಲೆಯನ್ನು ಆರೋ ಎಂಟೋ ಪಾಲು ಮಾಡಿ ಕ್ಲಿಪ್ ಹಾಕಿ. ಒಂದು ಪಾಲಿನ ನಡುವನ್ನು ಎಡಗೈಯಲ್ಲಿ ಬಿಗಿಹಿಡಿಯಿರಿ, ಎಳೆತ ನೆತ್ತಿಗೆ ತಾಕಬಾರದು. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರುಮಾಡಿ ಒಂದೊಂದು ಇಂಚು ಮೇಲೆ. ಬಿಡಿಸಿದ ಪಾಲನ್ನು ಕೂಡಲೇ ಹಗ್ಗದಂತೆ ಹೊಸೆದು ಹುರಿ ಮಾಡಿಟ್ಟುಬಿಡಿ, ಇಲ್ಲವಾದರೆ ಮುಂದಿನ ಪಾಲು ಮುಗಿಯುವಷ್ಟರಲ್ಲಿ ಮತ್ತೆ ಗಂಟು. ಊರಿಗೆ ಹೋದಾಗ ಯಾರಾದರೂ ಅಕ್ಕರೆಯಿಂದ ಸೀರಣಿಗೆ ಹಿಡಿದು ಬಂದರೆ ಮಗುವನ್ನು ಎತ್ತಿಕೊಂಡು ಓಡಿ.

ಶೈಲಿಗಳು

ಉಂಡೆಯಿಂದ ಶುರುಮಾಡುತ್ತೇನೆ. ಇಲ್ಲಿ 'ಪಫ್' ಅನ್ನುತ್ತಾರೆ: ಕೂದಲನ್ನು ಒಂದೋ ಎರಡೋ ಕಡೆ ಒಟ್ಟುಮಾಡಿ ಕಟ್ಟಿದರೆ ಸೇವಂತಿಗೆಯ ಹಾಗೆ ಅರಳಿ ನಿಲ್ಲುತ್ತದೆ. ಹತ್ತು ನಿಮಿಷದ ಕೆಲಸ, ನೋಡಲು ಮುದ್ದು. ತೊಂದರೆ ಇರುವುದು ರಬ್ಬರ್ ಬ್ಯಾಂಡಿನಲ್ಲಿ. ದಿನಾ ಅದೇ ಜಾಗದಲ್ಲಿ ಬಿಗಿದರೆ ಹಣೆಯಂಚಿನ ಎಳೆಗೂದಲು ಹೋಗುತ್ತದೆ. ಬಟ್ಟೆ ಸುತ್ತಿದ ಬ್ಯಾಂಡು, ದಿನಕ್ಕೊಂದು ಜಾಗ, ರಾತ್ರಿ ಬಿಚ್ಚುವುದು. ಮೂರು ವರ್ಷದೊಳಗಿನ ಮಗುವಿಗೆ ಇದರಾಚೆ ಏನೂ ಬೇಕಿಲ್ಲ, ಸಡಿಲ ಹುರಿ ಬಿಟ್ಟರೆ.

ಹುರಿಯ ಬಗ್ಗೆ ನನಗೆ ಪಕ್ಷಪಾತವಿದೆ. ಒಂದು ಪಾಲನ್ನು ಎರಡೆಳೆ ಮಾಡಿ ಒಂದಕ್ಕೊಂದು ಸುತ್ತುತ್ತ ಹೋಗುವುದು, ಇಷ್ಟೇ. ಮೂರೆಳೆ ಜಡೆಯಷ್ಟು ಬಿಗಿಯಿಲ್ಲ, ಬಿಚ್ಚುವುದು ಸುಲಭ, ವಾರದಿಂದ ಹತ್ತು ದಿನ ನಿಲ್ಲುತ್ತದೆ, ನಡುವೆ ನೀರು ಚಿಮುಕಿಸಲು ನೆತ್ತಿಯೂ ಸಿಗುತ್ತದೆ. ನನ್ನದು ಮೊದಮೊದಲು ಸ್ಕೂಲು ಬಿಡುವಷ್ಟರಲ್ಲಿ ಬಿಚ್ಚಿಹೋಗುತ್ತಿತ್ತು. ಗುಟ್ಟು ತಿಳಿದದ್ದು ಅಮ್ಮನಿಂದ, ಅದೂ ಮೈಸೂರಿನಿಂದ ಫೋನಿನಲ್ಲಿ ನೋಡುತ್ತ: "ಹಗ್ಗ ಹೊಸೆಯೋದು ಹೀಗೇನೇ? ಎಳೆ ಒಂದು ಕಡೆಗೆ ತಿರುವು, ಜೋಡಿಸೋವಾಗ ಇನ್ನೊಂದು ಕಡೆಗೆ." ಪ್ರತಿ ಎಳೆಯನ್ನೂ ಬಲಕ್ಕೆ ತಿರುಚಿ, ಎರಡನ್ನೂ ಎಡಕ್ಕೆ ಸುತ್ತಿದರೆ ಒಂದರ ಬಿಚ್ಚುವ ಬಲವನ್ನು ಇನ್ನೊಂದು ಹಿಡಿದುಕೊಳ್ಳುತ್ತದೆ. ಬಿಚ್ಚಿದ ಮೇಲೂ ಅಲೆ ಅಲೆಯಾಗಿ ಇನ್ನೆರಡು ದಿನದ ಶೈಲಿ ಪುಕ್ಕಟೆ. ಒಂದು ತಲೆಗೆ ನನಗೆ ಒಂದು ಗಂಟೆ ಹಿಡಿಯುತ್ತದೆ, ಅತ್ತೆಗೆ ಇಪ್ಪತ್ತೈದು ನಿಮಿಷ. ಅವರು ಸೋಫಾದ ಮೇಲೆ, ಮಗಳು ಕೆಳಗೆ ಅವರ ಎರಡು ಮಂಡಿಗಳ ನಡುವೆ. ನಮ್ಮಜ್ಜಿ ಜಗುಲಿಯ ಮೆಟ್ಟಿಲ ಮೇಲೆ ಕೂತು ನನಗೆ ಜಡೆ ಹಾಕುತ್ತಿದ್ದದ್ದೂ ಹಾಗೆಯೇ.

ಸಾಲುಜಡೆ, ಅಂದರೆ ಕಾರ್ನ್‌ರೋ, ನೆತ್ತಿಗೆ ಅಂಟಿದಂತೆ ಗದ್ದೆಯ ಸಾಲಿನ ಹಾಗೆ ಹೆಣೆಯುತ್ತ ಹೋಗುವುದು. ಎರಡರಿಂದ ಮೂರು ವಾರ ನಿಲ್ಲುತ್ತದೆ. ಈಜು, ಆಟ, ಪ್ರವಾಸಕ್ಕೆ ಇದಕ್ಕೆ ಸಾಟಿಯಿಲ್ಲ. ತುದಿಗೆ ಮಣಿ ಪೋಣಿಸಿದರೆ ಮಗುವಿನ ಖುಷಿ ಬೇರೆ. ಮಣಿಯ ಸದ್ದಿನಿಂದಲೇ ಅವಳು ಯಾವ ಕೋಣೆಯಲ್ಲಿದ್ದಾಳೆ ಅಂತ ಗೊತ್ತಾಗುತ್ತದೆ. 1999ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ವೀನಸ್ ವಿಲಿಯಮ್ಸ್ ಜಡೆಯ ಮಣಿಗಳು ಅಂಕಣದ ತುಂಬ ಚೆಲ್ಲಿ, ಅಂಪೈರ್ ಅದಕ್ಕೊಂದು ಪಾಯಿಂಟ್ ಕಿತ್ತುಕೊಂಡದ್ದು ನೆನಪಿರಬಹುದು. ಮಣಿಯ ಕೆಳಗೆ ಪುಟ್ಟ ರಬ್ಬರನ್ನು ಎರಡು ಸುತ್ತು ಹಾಕಿ. ಇನ್ನೂ ಏನು ಸಿಕ್ಕರೂ ಬಾಯಿಗಿಡುವ ಮಗುವಿಗೆ ಮಣಿ ಬೇಡವೇ ಬೇಡ.

ಸಾಲುಜಡೆಯ ಅಪಾಯ ಅದರ ಬಿಗಿಯಲ್ಲಿದೆ. ಮಗಳಿಗೆ ನಾಲ್ಕು ತುಂಬಿದಾಗ ಜಡೆ ಹೆಣೆಯುವ ಒಂದು ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅಚ್ಚುಕಟ್ಟು ಸಾಲು, ಬೈತಲೆಗಳು ದಾರ ಹಿಡಿದು ಗೀಚಿದಂತೆ. ಅವಳು ಅತ್ತಾಗ, ಮೊದಲ ದಿನ ಹೀಗೇ, ನಾಳೆ ಸರಿಹೋಗುತ್ತದೆ ಎಂದರು, ನಾನೂ ತಲೆಯಾಡಿಸಿದೆ. ರಾತ್ರಿ ದಿಂಬಿನ ಮೇಲೆ ತಲೆಯಿಡಲಾಗದೆ ಕೂತೇ ತೂಕಡಿಸಿದಳು. ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿದರೆ ಹಣೆಯಂಚಿನುದ್ದಕ್ಕೂ ರವೆಯಂಥ ಬಿಳಿ ಗುಳ್ಳೆಗಳು, ಪ್ರತಿ ಗುಳ್ಳೆಯ ನಡುವೆ ಒಂದೊಂದು ಕೂದಲು. ಅಷ್ಟೂ ಸಾಲು ಬಿಚ್ಚಿದೆ. 85 ಡಾಲರ್ ಹೋಯಿತು, ಹೋಗಲಿ. ಆ ಗುಳ್ಳೆ ಬುಡ ಕೀಳುತ್ತಿದೆ ಎಂಬುದರ ಮೊದಲ ಸೂಚನೆ. ಹೀಗೇ ವರ್ಷಗಟ್ಟಲೆ ಎಳೆದರೆ ಹಣೆಯಂಚಿನ ಕೂದಲು ಉದುರಿ, ಬೇರು ಸತ್ತು, ಮತ್ತೆ ಬರುವುದೇ ಇಲ್ಲ. ವೈದ್ಯರು ಇದಕ್ಕೆ ಟ್ರ್ಯಾಕ್ಷನ್ ಅಲೋಪೀಶಿಯಾ ಅನ್ನುತ್ತಾರೆ. ಅದನ್ನು ಮೊದಲು ಗುರುತಿಸಿದ್ದು 1907ರಲ್ಲಿ, ಗ್ರೀನ್‌ಲ್ಯಾಂಡಿನಲ್ಲಿ, ಬಿಗಿಯಾಗಿ ಹಿಂದಕ್ಕೆ ಎಳೆದು ಕಟ್ಟಿಕೊಳ್ಳುತ್ತಿದ್ದವರಲ್ಲಿ. ಅಂದರೆ ಇದು ಕೂದಲಿನ ದೋಷವಲ್ಲ, ಎಳೆತದ್ದು. ರಿಬ್ಬನ್ ಜಡೆಯ ನಮ್ಮ ಹುಡುಗಿಯರಿಗೂ ಬರಬಹುದು.

ಎಳೆದಾಗ ಸ್ವಲ್ಪಕ್ಕೇ ಅಳುವ ಮಕ್ಕಳನ್ನು ಇಲ್ಲಿ 'ಟೆಂಡರ್ ಹೆಡೆಡ್' ಅನ್ನುತ್ತಾರೆ, ತುಸು ತಮಾಷೆಯಾಗಿ. ನನಗೆ ಆ ತಮಾಷೆ ಹಿಡಿಸುವುದಿಲ್ಲ. ಅಳುವ ಮಗು ಬಿಗಿ ಎಷ್ಟಿದೆ ಎಂದು ಅಳೆದು ಹೇಳುತ್ತಿದೆ. ಹುಬ್ಬು ಏರಿಸಲು ಹೇಳಿ; ಆರಾಮಾಗಿ ಏರಿಸಿದರೆ ಸರಿ, ಮುಖ ಕಿವುಚಿದರೆ ಮುಂದಿನ ಎರಡು ಸಾಲು ಬಿಚ್ಚಿಸಿ. ಕುರ್ಚಿಯಲ್ಲಿರುವಾಗಲೇ.

ಇನ್ನು ಚೌರಿ. ಬಾಕ್ಸ್ ಬ್ರೇಡ್ ಅಂದರೆ ನೆತ್ತಿಯನ್ನು ಚೌಕ ಚೌಕವಾಗಿ ಭಾಗಿಸಿ, ಒಂದೊಂದು ಚೌಕದಿಂದ ಒಂದೊಂದು ಜಡೆ, ಸಾಮಾನ್ಯವಾಗಿ ಹೊರಗಿನ ಕೂದಲು ಸೇರಿಸಿ. ಆರು ವಾರದವರೆಗೂ ನಿಲ್ಲುತ್ತದೆ ಎಂಬುದು ಇದರ ದೊಡ್ಡ ಆಕರ್ಷಣೆ. ಆದರೆ ಮೂರ್ನಾಲ್ಕು ಗಂಟೆ ಕೂರಬೇಕು, ಸೇರಿಸಿದ ಕೂದಲಿನ ಭಾರವೆಲ್ಲ ಆ ಎಳೆಯ ಬುಡದ ಮೇಲೆ. ಸಿಂಥೆಟಿಕ್ ಕೂದಲು ಕೆಲವರಿಗೆ ನವೆ ತರುತ್ತದೆ. 2025ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ಹತ್ತು ಬಗೆಯ ಸಿಂಥೆಟಿಕ್ ಕೂದಲು ಪರೀಕ್ಷಿಸಿದಾಗ ಹತ್ತರಲ್ಲೂ ಕ್ಯಾನ್ಸರಿಗೆ ಕಾರಣವಾಗಬಲ್ಲ ರಾಸಾಯನಿಕಗಳು, ಒಂಬತ್ತರಲ್ಲಿ ಸೀಸ ಸಿಕ್ಕಿತು. ಜಡೆಯ ತುದಿ ಅಗಿಯುವ ಅಭ್ಯಾಸ ನನ್ನ ಮಗಳಿಗಿದೆ. ನನಗೆ ಅಷ್ಟು ಸಾಕಾಯಿತು. ನಿಜವಾದ ಮನುಷ್ಯರ ಕೂದಲೂ ಸಿಗುತ್ತದೆ, ಬೆಲೆ ಬಹಳ ಹೆಚ್ಚು. ಅದರಲ್ಲಿ ಒಂದು ಪಾಲು ಬರುವುದು ತಿರುಮಲದಲ್ಲಿ ಭಕ್ತರು ಕೊಟ್ಟ ಮುಡಿಯಿಂದ, ಹರಾಜಾಗಿ. ನಾನು ಏಳನೇ ಕ್ಲಾಸಿನಲ್ಲಿ ಕೊಟ್ಟದ್ದು ಯಾರ ತಲೆಯಲ್ಲಿದೆಯೋ ಎಂದು ಆ ಅಂಗಡಿಯಲ್ಲಿ ನಿಂತು ಯೋಚಿಸಿದ್ದುಂಟು. ಹತ್ತು ವರ್ಷದವರೆಗೆ ನಮ್ಮ ಮನೆಯಲ್ಲಿ ಚೌರಿಯಿಲ್ಲ.

ಜಟೆ, ಅಂದರೆ ಲಾಕ್ಸ್, ವರ್ಷಗಟ್ಟಲೆಯ ತೀರ್ಮಾನ. ನಿಭಾಯಿಸುವುದು ಸುಲಭ, ತೊಳೆಯುವುದೂ ಸುಲಭ, ಆದರೆ ಬಿಚ್ಚಬೇಕೆಂದರೆ ಬಹುಮಟ್ಟಿಗೆ ಕತ್ತರಿಸುವುದೇ ದಾರಿ. ಮಗು ತಾನಾಗಿ ಕೇಳುವವರೆಗೆ ಕಾಯಿರಿ. ಗಂಡುಮಕ್ಕಳಿಗೆ ತೀರಾ ಚಿಕ್ಕದಾಗಿ ಕತ್ತರಿಸಿದರೂ ನೀರು, ಕಂಡಿಷನರ್ ತಪ್ಪಿದ್ದಲ್ಲ.

ನೇರ ಮಾಡುವುದು

ಎರಡು ದಾರಿಗಳಿವೆ. ಕಾಯಿಸಿದ ಇಸ್ತ್ರಿಯಿಂದ ಎಳೆಯುವ 'ಸಿಲ್ಕ್ ಪ್ರೆಸ್' ನೀರು ತಾಕಿದರೆ ಮತ್ತೆ ಸುರುಳಿಗೆ ಮರಳುತ್ತದೆ, ಶಾಖ ಅತಿಯಾಗಿರದಿದ್ದರೆ. ಅತಿಯಾದರೆ ಸುರುಳಿ ಸತ್ತೇ ಹೋಗುತ್ತದೆ. ವರ್ಷಕ್ಕೊಮ್ಮೆ, ದೊಡ್ಡ ಹುಡುಗಿಗೆ, ಕೈ ಪಳಗಿದವರಿಂದ ಮಾಡಿಸಿದರೆ ನನ್ನ ತಕರಾರಿಲ್ಲ. ರಿಲ್ಯಾಕ್ಸರ್ ಬೇರೆ ಸಂಗತಿ. ಸೋಡಿಯಂ ಹೈಡ್ರಾಕ್ಸೈಡಿನಂಥ ತೀವ್ರ ಕ್ಷಾರ ಕೂದಲೊಳಗಿನ ಗಂಧಕದ ಬಂಧಗಳನ್ನೇ ಮುರಿಯುತ್ತದೆ, ನೆತ್ತಿ ಸುಡಬಹುದು. 'ನೋ ಲೈ' ಎಂದು ಡಬ್ಬದ ಮೇಲಿದ್ದರೂ ಒಳಗಿರುವುದು ಇನ್ನೊಂದು ಕ್ಷಾರ. 2022ರಲ್ಲಿ ಅಮೆರಿಕದ ಸರ್ಕಾರಿ ಸಂಶೋಧಕರು 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದ ಫಲಿತಾಂಶ ಪ್ರಕಟಿಸಿದರು: ಕೂದಲು ನೇರ ಮಾಡುವ ರಾಸಾಯನಿಕ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ. 1.64, ಪದೇ ಪದೇ ಬಳಸಿದವರಲ್ಲಿ ಶೇ. 4.05. ಇದು ನಂಟು, ಕಾರಣವೆಂದು ಸಾಬೀತಾದದ್ದಲ್ಲ, ನೋಡಿದ್ದೂ ದೊಡ್ಡವರನ್ನು. ಆದರೂ ಆರು ವರ್ಷದ ತಲೆಗೆ ಹಾಕಲು ನನಗೆ ಒಂದು ಕಾರಣವೂ ಕಾಣುವುದಿಲ್ಲ. ನಮ್ಮತ್ತೆಗೆ ಎಂಟರಲ್ಲೇ ಹಾಕಿದ್ದರಂತೆ. ಸುಟ್ಟ ಕಲೆ ಇನ್ನೂ ಬಲಗಿವಿಯ ಹಿಂದೆ ಇದೆ.

ಅವರ ಕಾಲಕ್ಕೆ ಅದು ಹುಚ್ಚು ಆಸೆಯಾಗಿರಲಿಲ್ಲ. ಸುರುಳಿ ಕೂದಲಿಗೆ ಕೆಲಸ ಸಿಗುತ್ತಿರಲಿಲ್ಲ, ಸ್ಕೂಲಲ್ಲಿ ಮಾತು ಕೇಳಬೇಕಿತ್ತು. ಕೂದಲಿನ ಆಧಾರದ ಮೇಲೆ ತಾರತಮ್ಯ ಕೂಡದೆಂಬ 'ಕ್ರೌನ್' ಕಾಯ್ದೆ ಮೊದಲು ಬಂದದ್ದೇ 2019ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಅದೇ ವರ್ಷ ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲೂ ಬಂತು; ಟೆಕ್ಸಾಸಿನಲ್ಲಿ 2023ರಲ್ಲಿ. ಕೆಲವು ರಾಜ್ಯಗಳಲ್ಲಿ ಇನ್ನೂ ಇಲ್ಲ. ಹೊಸ ಊರಿಗೆ ಹೋಗುವವರು ಸ್ಕೂಲಿನ ನಿಯಮದ ಪುಸ್ತಕದಲ್ಲಿ ಕೂದಲಿನ ಪುಟವನ್ನು ಓದಿಕೊಂಡೇ ಶೈಲಿ ಆರಿಸಿ.

ಯಾರಿಗೆ ಯಾವುದು

ಇಬ್ಬರೂ ಕೆಲಸಕ್ಕೆ ಹೋಗುವ ಮನೆ, ಬೆಳಿಗ್ಗೆ ಹತ್ತು ನಿಮಿಷವೂ ಇಲ್ಲ ಅನ್ನುವವರು ಭಾನುವಾರ ಎರಡು ಗಂಟೆ ತೆಗೆದಿಟ್ಟು ಹುರಿ ಹಾಕಿ. ವಾರವಿಡೀ ರಾತ್ರಿ ಸ್ಯಾಟಿನ್ ಟೋಪಿ, ಬೆಳಿಗ್ಗೆ ಎರಡು ಸಲ ನೀರು ಚಿಮುಕಿಸಿದರೆ ಮುಗಿಯಿತು. ಹತ್ತಿ ದಿಂಬಿನ ಬಟ್ಟೆ ರಾತ್ರಿಯಿಡೀ ತೇವ ಹೀರುತ್ತದೆ, ಟೋಪಿ ಕಿತ್ತೆಸೆಯುವ ಮಗುವಿಗೆ ದಿಂಬಿಗೇ ಸ್ಯಾಟಿನ್ ಹಾಕಿ. ಈಜು ಕಲಿಯುವ ಮಗುವಿಗೆ ಸಡಿಲ ಸಾಲುಜಡೆ, ಕೊಳಕ್ಕಿಳಿಯುವ ಮೊದಲು ತಲೆಗೆ ಸಿಹಿನೀರು, ಕಂಡಿಷನರ್: ಒಮ್ಮೆ ನೀರು ಕುಡಿದ ಕೂದಲು ಕ್ಲೋರಿನ್ ನೀರನ್ನು ಅಷ್ಟು ಕುಡಿಯುವುದಿಲ್ಲ. ನಿಮಗೇ ಹೆಣೆಯಲು ಬರದಿದ್ದರೆ ಕಲಿಯುವವರೆಗೆ ಅಂಗಡಿಗೆ ಹೋಗಿ, ನಾಚಿಕೆ ಬೇಡ. ನಮ್ಮ ಕಡೆಯ ಒಳ್ಳೆಯ ಹೆಣಿಗೆಗಾರ್ತಿಯರು ಬಹಳಷ್ಟು ಮಂದಿ ಸೆನೆಗಲ್, ಮಾಲಿ ಕಡೆಯವರು. ಹಣೆಯಂಚಿನಲ್ಲಿ ಸಡಿಲ ಬಿಡಿ ಎಂದು ಕೂರುವ ಮೊದಲೇ ಹೇಳಿ, ಮಗುವಿನ ಎದುರೇ ಹೇಳಿ.

ಒಂದು ಶೈಲಿ ಬಿಚ್ಚಿದ ಮೇಲೆ ಇನ್ನೊಂದಕ್ಕೆ ನಡುವೆ ಕನಿಷ್ಠ ಒಂದು ವಾರ ಬರಿ ಉಂಡೆ. ಬಿಚ್ಚುವ ದಿನ ಮುಷ್ಟಿ ತುಂಬ ಕೂದಲು ಬಂದರೆ ಗಾಬರಿಯಾಗಬೇಡಿ. ದಿನಾ ಉದುರುವ ಐವತ್ತು ನೂರು ಕೂದಲು ಮೂರು ವಾರದಿಂದ ಜಡೆಯೊಳಗೇ ಕೂತಿರುತ್ತದೆ. ಬುಡದ ಬಿಳಿ ಚುಕ್ಕೆಯೊಂದಿಗೆ ಉದ್ದಕ್ಕೆ ಬಂದರೆ ಅದು ಉದುರಿದ್ದು; ತುಂಡು ತುಂಡಾಗಿದ್ದರೆ ಮುರಿದದ್ದು, ಆಗ ನಿಮ್ಮ ಬಾಚಣಿಗೆಯನ್ನೋ ಕೈಯನ್ನೋ ಅನುಮಾನಿಸಿ.

ಜೂನಿನಲ್ಲಿ ಮೈಸೂರಿಗೆ ಹೊರಟಿದ್ದೇವೆ. ಇಪ್ಪತ್ತು ಗಂಟೆಗೂ ಮಿಗಿಲಾದ ಪ್ರಯಾಣ, ಆಮೇಲೆ ಮದುವೆ ಮನೆ, ಬೋರ್‌ವೆಲ್ಲಿನ ಗಡಸು ನೀರು. ಎಂಟು ದಪ್ಪ ಸಾಲು, ಚೌರಿಯಿಲ್ಲದೆ, ತುದಿಗೆ ಮಣಿ ಎಂದು ತೀರ್ಮಾನವಾಗಿದೆ. ಮದುವೆಯ ದಿನ ಮೊಗ್ಗಿನ ಜಡೆ ಹಾಕಿಯೇ ಹಾಕುತ್ತೇನೆ ಎಂದು ಅಮ್ಮ ಹಟ ಹಿಡಿದಿದ್ದಾರೆ. ಮೊಗ್ಗಿನ ಭಾರ ಬುಡಕ್ಕೆ ಬೀಳುತ್ತದೆ, ಬೇಡ ಎಂದೆ. ಎರಡು ದಿನ ಬಿಟ್ಟು ಫೋನು: ಮೊಗ್ಗು ಜಡೆಗಲ್ಲ, ಸಾಲು ಸಾಲಿನ ನಡುವಿನ ಬೈತಲೆಗೆ ಒಂದೊಂದೇ ಎಳೆ ಮಲ್ಲಿಗೆ, ಪಿನ್ನು ಹಾಕದೆ ದಾರದಲ್ಲಿ ಕಟ್ಟಿದರೆ ಆಗುತ್ತದಾ? ಆಗುತ್ತದೆ. ಮಣಿ ಬಿಳಿಯದಿರಲಿ ಅಂದರು. ಮಗಳು ನೇರಳೆಯೇ ಬೇಕು ಅನ್ನುತ್ತಿದ್ದಾಳೆ.